ಆಯಿಯ ರೊಕ್ಕ ಆಯಿಯ ಖಾತೆಗೇ ಸೇರಿದ ಬಗೆ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಸೀಮೆಯಲ್ಲಿ ಕಿರಾಣಿ ಅಂಗಡಿ ನಡೆಸುವವನು ಈಗ ಬರೀ ಅಕ್ಕಿ, ಬೇಳೆ, ಎಣ್ಣೆ ಮಾರುವವನಾಗಿ ಉಳಿದಿಲ್ಲ. ಸುಗ್ಗಿ ಮುಗಿಯುತ್ತಲೇ ಗುಳೆ ಹೋಗುವ ಮನೆಗಳು ನಮ್ಮೂರಿನ ಪ್ರತಿಯೊಂದು ಓಣಿಯಲ್ಲೂ ಇವೆ. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋದ ಮಕ್ಕಳು ಊರಲ್ಲಿ ಉಳಿದ ತಂದೆತಾಯಿಗೆ ಕಳಿಸುವ ರೊಕ್ಕ ಕೆಲವು ವರ್ಷಗಳಿಂದ ನನ್ನಂಥ ಅಂಗಡಿಯವರ ಫೋನಿಗೇ ಬಂದು ಬೀಳುತ್ತಿದೆ. ಮಗ ಅಲ್ಲಿಂದ ನನ್ನ ನಂಬರಿಗೆ ಎರಡು ಸಾವಿರ ಹಾಕುತ್ತಾನೆ, ಹಾಕಿದ ಮೇಲೆ ಕರೆ ಮಾಡಿ "ಸಾವ್ಕಾರ್ರ, ನಮ್ಮವ್ವಗ ಕೊಟ್ಟುಬಿಡ್ರಿ" ಅನ್ನುತ್ತಾನೆ, ನಾನು ಗಲ್ಲಾದಿಂದ ನೋಟು ಎಣಿಸಿ ತಾಯಿಯ ಕೈಗಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಕೆಲವು ಊರುಗಳಲ್ಲಿ ಇದಕ್ಕೆ ಸಾವಿರಕ್ಕೆ ಹತ್ತೋ ಇಪ್ಪತ್ತೋ ಹಿಡಿದುಕೊಳ್ಳುವವರಿದ್ದಾರೆ. ನಾನು ಹಿಡಿದಿಲ್ಲ, ಏಕೆಂದರೆ ಆ ರೊಕ್ಕದಲ್ಲಿ ಒಂದಿಷ್ಟು ಮತ್ತೆ ನನ್ನ ಅಂಗಡಿಗೇ ಬರುತ್ತದೆ.

ಹಿಂದೆ ಗುಳೆಯ ರೊಕ್ಕ ಊರಿಗೆ ಬರುತ್ತಿದ್ದ ದಾರಿಗಳು ಬೇರೆ ಇದ್ದವು. ಅಂಚೆಯ ಮನಿಯಾರ್ಡರ್ ಇತ್ತು, ಅದಕ್ಕೆ ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿಯಂತೆ ಕಮಿಷನ್ ಕಟ್ಟಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಮೇಸ್ತ್ರಿಯ ಕೈಯಲ್ಲೋ, ಹಬ್ಬಕ್ಕೆ ಊರಿಗೆ ಬರುವ ನೆಂಟರ ಕೈಯಲ್ಲೋ ಕಳಿಸುತ್ತಿದ್ದರು. ಮೇಸ್ತ್ರಿ ತನ್ನ ಮುಂಗಡ ಮುರಿದುಕೊಂಡು ಉಳಿದದ್ದನ್ನು ಕೊಟ್ಟರೆ ಕೇಳುವವರಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್ 8ರಂದು ನೋಟು ರದ್ದಾಯಿತು; ಆದರೂ ನಮ್ಮ ಹಳ್ಳಿಗಳಲ್ಲಿ ಫೋನಿನ ವ್ಯವಹಾರ ಬೇರೂರಿದ್ದು ಆಗಲ್ಲ, 2020ರ ನಂತರ. ಆ ವರ್ಷದ ಜನವರಿ 1ರಿಂದ ಯುಪಿಐ ಮೂಲಕ ಪಡೆದ ಹಣಕ್ಕೆ ಅಂಗಡಿಯವನಿಂದ ಶುಲ್ಕ ಹಿಡಿಯಬಾರದೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು, ಬೆನ್ನಿಗೇ ಲಾಕ್‌ಡೌನ್ ಬಂತು. ನೋಟು ಮುಟ್ಟಲು ಹೆದರುತ್ತಿದ್ದ ಆ ದಿನಗಳಲ್ಲಿ ಕಂಪನಿಗಳ ಹುಡುಗರು ಪುಕ್ಕಟೆಯಾಗಿ ಕ್ಯೂಆರ್ ಸ್ಟಿಕ್ಕರ್ ಅಂಟಿಸಿಕೊಂಡು ಹೋದರು. ನನ್ನ ಅಂಗಡಿಯ ಬಾಗಿಲಿಗೂ ಒಂದು ಅಂಟಿತು.

ಹೀಗೆ ಮೇಸ್ತ್ರಿಯ ಜಾಗಕ್ಕೆ ನಾನು ಬಂದೆ. ವಂಚನೆ ನಿಂತಿತು, ದಿನಗಳ ಕಾಯುವಿಕೆ ಕ್ಷಣಕ್ಕೆ ಇಳಿಯಿತು, ಅಷ್ಟರ ಮಟ್ಟಿಗೆ ಇದು ದೊಡ್ಡ ಉಪಕಾರವೇ. ಆದರೆ ಮಗ ದುಡಿದು ಕಳಿಸಿದ ರೊಕ್ಕಕ್ಕೆ ತಾಯಿ ಇನ್ನೊಬ್ಬರ ಅಂಗಡಿಯ ಮುಂದೆ ನಿಂತು "ನಂದು ಬಂದದೇನಪ್ಪಾ?" ಎಂದು ಕೇಳುವುದು ತಪ್ಪಲಿಲ್ಲ. ನಾನು ಊರಲ್ಲಿಲ್ಲದ ದಿನ, ಗಲ್ಲಾದಲ್ಲಿ ನೋಟಿಲ್ಲದ ದಿನ, ನೆಟ್‌ವರ್ಕ್ ಸಿಗದ ದಿನ ಅವರ ರೊಕ್ಕ ಅವರದಲ್ಲ. ನಗದುರಹಿತ ವ್ಯವಹಾರ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಹಳ್ಳಿಯ ಮುದುಕಿಯ ಪಾಲಿಗೆ ಮಧ್ಯಸ್ಥ ಬದಲಾದ ಸುದ್ದಿ ಮಾತ್ರ ಆಗಬಾರದು ಎಂಬ ವಿಚಾರ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿತ್ತು.

ವಿಚಾರವನ್ನು ಕೆಲಸಕ್ಕೆ ಇಳಿಸುವಂತೆ ಮಾಡಿದ್ದು 2025ರ ಜುಲೈ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೆಂಗಳೂರಿನ ಅಂಗಡಿಗಳು ಯುಪಿಐ ಬೇಡ, ನಗದೇ ಕೊಡಿ ಎಂದು ಬೋರ್ಡು ಹಾಕಿದವು. ಬಳಿಕ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದು ಭರವಸೆ ಕೊಟ್ಟರು. ನನಗೆ ನೋಟಿಸು ಬರಲಿಲ್ಲ, ನನ್ನ ವ್ಯಾಪಾರ ಅಷ್ಟು ದೊಡ್ಡದೂ ಅಲ್ಲ. ಆದರೆ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ನೋಡಿದಾಗ ಅದರಲ್ಲಿ ನನ್ನ ವ್ಯಾಪಾರದ ಹಣದ ಜೊತೆಗೆ ಊರಿನವರ ಹಣ ಸರಿಸಮವಾಗಿ ಕೂತಿತ್ತು. ಇನ್ನೊಬ್ಬರ ಗಳಿಕೆ ನನ್ನ ಹೆಸರಿನಲ್ಲಿ ದಾಖಲಾಗುವುದು ನನಗೂ ಒಳ್ಳೆಯದಲ್ಲ, ಅವರಿಗೂ ಒಳ್ಳೆಯದಲ್ಲ. ಒಬ್ಬೊಬ್ಬರ ರೊಕ್ಕವನ್ನೂ ಅವರವರ ಖಾತೆಗೇ ತಲುಪುವಂತೆ ಮಾಡಿಸಬೇಕೆಂದು ನಿರ್ಧರಿಸಿ, ಮೊದಲು ನಮ್ಮ ಓಣಿಯ ಆಯಿಯೊಬ್ಬರ (ಅಜ್ಜಿಗೆ ನಾವು ಆಯಿ ಅನ್ನುತ್ತೇವೆ) ಕೆಲಸ ಕೈಗೆತ್ತಿಕೊಂಡೆ.

ಆಯಿಯ ಮಗ-ಸೊಸೆ ಬೆಂಗಳೂರಿನಲ್ಲಿ ದುಡಿಯುತ್ತಾರೆ. ಹೈಸ್ಕೂಲು ಓದುವ ಮೊಮ್ಮಗಳು ಆಯಿಯ ಹತ್ತಿರ ಇದ್ದಾಳೆ. ಆಯಿಗೆ ಓದು ಬರುವುದಿಲ್ಲ, ಅಂಕಿಗಳನ್ನು ಮಾತ್ರ ಚೆನ್ನಾಗಿ ಗುರುತಿಸುತ್ತಾರೆ. ವಿಷಯ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ. "ನೀ ಕೊಡ್ತಿಯಲ್ಲಪ್ಪಾ, ನನಗ್ಯಾಕ ಬೇಕು ಆ ಉಸಾಬರಿ" ಅಂದರು. ಅವರ ಮನಸ್ಸು ಬದಲಾದದ್ದು ಪಿಂಚಣಿಯ ಮಾತು ಬಂದಾಗ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಅವರಿಗೆ ಮಂಜೂರಾಗಿತ್ತು, ಮೊದಲು ಬರುತ್ತಿತ್ತು, ಆಮೇಲೆ ನಿಂತಿತು ಎಂಬುದು ಅವರ ತಿಳಿವಳಿಕೆ. ಏಕೆ ನಿಂತಿತೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಮನೆಯ ಗೂಡಿನಿಂದ ಪಾಸ್‌ಬುಕ್ ತೆಗೆದುಕೊಂಡು ಬಂದರು. ಜನಧನ ಯೋಜನೆ 2014ರ ಆಗಸ್ಟ್ 28ರಂದು ಆರಂಭವಾದ ಹೊಸದರಲ್ಲಿ ಊರಿಗೇ ಬಂದು ತೆರೆದುಕೊಟ್ಟ ಖಾತೆ ಅದು. ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಹಳೆಯ ಪಾಸ್‌ಬುಕ್ಕುಗಳ ಮೇಲಿರುವ ಬ್ಯಾಂಕಿನ ಹೆಸರು ಇಂದಿನ ಫಲಕದ ಮೇಲಿನ ಹೆಸರಿಗೆ ಹೊಂದದಿರುವುದು ಸಾಮಾನ್ಯ. ನಿಜಾಮರ ಕಾಲದಲ್ಲಿ, 1941ರಲ್ಲಿ, ಸ್ಥಾಪನೆಯಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಕಲಬುರಗಿ ಕೇಂದ್ರವಾಗಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಗಿ, 2019ರಲ್ಲಿ ಮತ್ತೊಮ್ಮೆ ವಿಲೀನಗೊಂಡಿತು. ಹೆಸರು ಬದಲಾದರೂ ಖಾತೆ ಸಾಯುವುದಿಲ್ಲ. ಹಳೆಯ ಪಾಸ್‌ಬುಕ್ ಇದ್ದವರು ಅದನ್ನು ಎಸೆಯಬಾರದೆಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಖಾತೆಯ ಜಾಡು ಹಿಡಿಯಲು ಅದರಲ್ಲಿರುವ ಖಾತೆ ಸಂಖ್ಯೆಯೇ ಸಾಕು. ನಮ್ಮ ಹಿರಿಯರು ನಿಜಾಮರ ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ಕಲದಾರ್ ರೂಪಾಯಿ ಎಂಬ ಲೆಕ್ಕದಲ್ಲಿ ಎರಡು ಬಗೆಯ ನಾಣ್ಯಗಳನ್ನು ಒಂದೇ ಗಲ್ಲಾದಲ್ಲಿ ಇಟ್ಟು ವ್ಯಾಪಾರ ಮಾಡಿದವರು. ಹಣದ ರೂಪ ಬದಲಾಗುವುದಕ್ಕೆ ಹೊಂದಿಕೊಳ್ಳುವ ಶಕ್ತಿ ಈ ನೆಲದ ಜನರಿಗಿದೆ ಎಂಬ ನಂಬಿಕೆ ನನಗೆ ಇರುವುದು ಅದರಿಂದಲೇ.

ಆಯಿಯ ಖಾತೆ ಬಹಳ ಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿತ್ತು, ಗುರುತು-ವಿಳಾಸದ ದಾಖಲೆಯ, ಅಂದರೆ ಕೆವೈಸಿಯ, ಅವಧಿಯೂ ಮುಗಿದಿತ್ತು. ಒಳ್ಳೆಯ ಕಾಲಕ್ಕೆ ಜನಧನ ಖಾತೆಗಳ ಕೆವೈಸಿ ನವೀಕರಣಕ್ಕೆಂದು 2025ರ ಜುಲೈ 1ರಿಂದ ದೇಶದಾದ್ಯಂತ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಶಿಬಿರಗಳು ನಡೆದವು. ನಮ್ಮ ಪಂಚಾಯಿತಿ ಕಚೇರಿಯಲ್ಲೂ ಒಂದು ನಡೆಯಿತು. ಬ್ಯಾಂಕಿನ ಸಿಬ್ಬಂದಿ ಆಧಾರ್, ಪಾಸ್‌ಬುಕ್, ಭಾವಚಿತ್ರ ಪಡೆದು ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನಿಷ್ಕ್ರಿಯ ಖಾತೆಯನ್ನು ಮತ್ತೆ ಚಾಲ್ತಿಗೆ ತರಲು ಯಾವ ಶುಲ್ಕವೂ ಇಲ್ಲ, ಯಾರೂ ಕೇಳಲೂ ಇಲ್ಲ.

ಆ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಎಂದು ಒಂದು ಸಾಲು ಇತ್ತು. ಸರದಿಯಲ್ಲಿ ನಿಂತ ಹಿರಿಯರಲ್ಲಿ ಹಲವರು ಆ ಸಾಲಿಗೆ ನನ್ನ ನಂಬರನ್ನೇ ಬರೆಸಲು ಬಂದರು. ಅವರಿಗೆ ಅದು ಸಹಜವಾಗಿ ಕಂಡಿತು. ರೊಕ್ಕ ಬರುವುದು ಸಾವ್ಕಾರನ ಫೋನಿಗೆ, ಹಾಗಾಗಿ ನಂಬರೂ ಅವನದೇ. ಆದರೆ ಇಡೀ ವ್ಯವಸ್ಥೆಯ ಕೀಲಿ ಇರುವುದು ಆ ಹತ್ತು ಅಂಕಿಗಳಲ್ಲಿ. ಬ್ಯಾಂಕಿನ ಸಂದೇಶ, ಓಟಿಪಿ, ಯುಪಿಐ ನೋಂದಣಿ ಎಲ್ಲವೂ ಖಾತೆಗೆ ಜೋಡಿಸಿದ ನಂಬರನ್ನು ಹುಡುಕಿಕೊಂಡು ಹೋಗುತ್ತವೆ. ಆ ನಂಬರು ಬೇರೆಯವರದಾದರೆ ಖಾತೆಯ ಮೇಲೆ ಹೆಸರು ಮಾತ್ರ ನಿಮ್ಮದು. ನಾನು ಅಲ್ಲೇ ನಿಂತು ಒಬ್ಬೊಬ್ಬರನ್ನೂ ಮನೆಗೆ ಕಳಿಸಿ ಅವರ ಮನೆಯ ಫೋನಿನ ನಂಬರು ಬರೆಸಿದೆ. ಆಯಿಯ ಹತ್ತಿರ ಬಟನ್ ಫೋನ್ ಇತ್ತು, ಅದರ ಸಿಮ್ ಮಗನ ಹೆಸರಿನಲ್ಲಿತ್ತು. ಅವರ ಹೆಸರಿನಲ್ಲೇ ಹೊಸ ಸಿಮ್ ತೆಗೆದುಕೊಂಡು ಅದನ್ನೇ ಬರೆಸಿದೆವು. ಸಿಮ್ಮಿಗೆ ರೀಚಾರ್ಜ್ ತಪ್ಪಿದರೆ ಸಂದೇಶ ನಿಲ್ಲುತ್ತದೆ, ಬಹಳ ದಿನ ಬಿಟ್ಟರೆ ನಂಬರು ಇನ್ನೊಬ್ಬರ ಪಾಲಾಗುತ್ತದೆ ಎಂಬುದನ್ನು ಮಗನಿಗೆ ಫೋನಿನಲ್ಲಿ ತಿಳಿಸಿದೆ.

ಮುಂದಿನ ಹೆಜ್ಜೆ ಆಧಾರಿಗೆ ಅದೇ ನಂಬರನ್ನು ಜೋಡಿಸುವುದು. ಅದು ಆಗ ನಮ್ಮೂರಲ್ಲಿ ಆಗುತ್ತಿರಲಿಲ್ಲ, ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕಿತ್ತು. ಶಕ್ತಿ ಯೋಜನೆಯ ಟಿಕೆಟಿನಲ್ಲಿ ಆಯಿಯ ಬಸ್ಸಿನ ಖರ್ಚು ಉಳಿಯಿತು. ನಂಬರ್ ಬದಲಾವಣೆಗೆ ಆಗ 50 ರೂಪಾಯಿ ಶುಲ್ಕವಿತ್ತು, 2025ರ ಅಕ್ಟೋಬರ್ 1ರಿಂದ ಅದು 75 ಆಗಿದೆ. ಕಷ್ಟವಾದದ್ದು ಬೆರಳಚ್ಚು. ಹತ್ತಿ ಬಿಡಿಸಿ, ಕಳೆ ತೆಗೆದು, ಪಾತ್ರೆ ತಿಕ್ಕಿ ಆಯಿಯ ಬೆರಳ ತುದಿಗಳ ಗೆರೆಗಳು ಸವೆದುಹೋಗಿವೆ. ಯಂತ್ರದ ಗಾಜಿನ ಮೇಲೆ ಬಲಗೈ ಬೆರಳುಗಳನ್ನು ಒಂದೊಂದಾಗಿ ಇಟ್ಟರೂ ಹಸಿರು ಗುರುತು ಮೂಡಲಿಲ್ಲ. ಆಪರೇಟರ್ ಹುಡುಗಿ ತಾಳ್ಮೆಯಿಂದ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಸ್ವಲ್ಪ ಹೊತ್ತು ಅಂಗೈ ಉಜ್ಜಿಸಿ, ಎಡಗೈಯ ಉಂಗುರದ ಬೆರಳನ್ನು ಒತ್ತಿಹಿಡಿದಾಗ ಯಂತ್ರ ಒಪ್ಪಿಕೊಂಡಿತು. "ಇದೇ ಬೆರಳ ನೆನಪಿಡ್ರಿ ಆಯಿ, ಎಲ್ಲಾ ಕಡೆ ಇದನ್ನೇ ಇಡ್ರಿ" ಎಂದು ಆಕೆ ಹೇಳಿದ ಮಾತು ಮುಂದೆ ಬಹಳ ಉಪಯೋಗಕ್ಕೆ ಬಂತು.

ಕೆಲವು ದಿನಗಳ ನಂತರ ನಂಬರ್ ಜೋಡಣೆಯಾದ ಸಂದೇಶ ಬಂದಾಗ ಆಧಾರಿನ ಜಾಲತಾಣದಲ್ಲಿ ಓಟಿಪಿ ಕೊಟ್ಟು ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು, ತೆರೆದು ನೋಡಿದೆ. ಅಲ್ಲಿ ಇದ್ದದ್ದು ಆಯಿಯ ಪಾಸ್‌ಬುಕ್ಕಿನ ಬ್ಯಾಂಕ್ ಅಲ್ಲ, ಅವರು ಹೆಸರನ್ನೇ ಕೇಳಿರದ ಒಂದು ಪೇಮೆಂಟ್ಸ್ ಬ್ಯಾಂಕ್. "ನಾ ಆ ಬ್ಯಾಂಕಿನ ಹೊಸ್ತಿಲಾನೂ ತುಳಿದಿಲ್ಲಪ್ಪಾ" ಎಂದು ಆಯಿ ಗಾಬರಿಯಾದರು. ಕೇಳುತ್ತ ಹೋದಾಗ ನೆನಪಾಯಿತು: ಹಿಂದೊಮ್ಮೆ ಸಂತೆಯಲ್ಲಿ ಛತ್ರಿ ಹಾಕಿಕೊಂಡು ಕೂತ ಹುಡುಗನೊಬ್ಬ ಸಿಮ್ ಕೊಡುವಾಗ ಮತ್ತೆ ಮತ್ತೆ ಬೆರಳು ಒತ್ತಿಸಿಕೊಂಡಿದ್ದ. ಸಿಮ್ಮಿನ ಜೊತೆಗೆ ಖಾತೆಯೂ ತೆರೆದುಕೊಂಡದ್ದು ಆಯಿಗೆ ತಿಳಿದಿರಲಿಲ್ಲ, ತಿಳಿಸುವ ಗೋಜಿಗೆ ಅವನೂ ಹೋಗಿರಲಿಲ್ಲ. ಓದು ಬಾರದವರ ಬೆರಳಚ್ಚನ್ನು ಹೀಗೆ ಬಳಸಿಕೊಳ್ಳುವುದು ಘೋರ ಅನ್ಯಾಯ ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಇಲ್ಲಿ ನಡೆಯುವ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಪಿಂಚಣಿ ನಿಂತಿತು, ಗೃಹಲಕ್ಷ್ಮಿ ಬರಲಿಲ್ಲ ಎಂದು ಅಲೆಯುವವರಲ್ಲಿ ಬಹಳ ಮಂದಿಯ ಗಂಟು ಇಲ್ಲಿಯೇ ಇರುತ್ತದೆ. ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಸರ್ಕಾರ ಖಾತೆ ಸಂಖ್ಯೆಗೆ ಹಣ ಕಳಿಸುವುದಿಲ್ಲ, ಆಧಾರ್ ಸಂಖ್ಯೆಗೆ ಕಳಿಸುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐ, ಹತ್ತಿರ ಇರುತ್ತದೆ. ಜನ ಬಾಯಲ್ಲಿ ಎನ್‌ಪಿಸಿಐ ಮ್ಯಾಪಿಂಗ್ ಅನ್ನುವುದು ಇದನ್ನೇ. ಒಬ್ಬರಿಗೆ ಎಷ್ಟೇ ಖಾತೆಗಳಿದ್ದರೂ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಅದೂ ಕೊನೆಯಲ್ಲಿ ಜೋಡಿಸಿದ್ದು. ಪಾಸ್‌ಬುಕ್ಕಿಗೆ ಆಧಾರ್ ಲಿಂಕ್ ಆಗಿದೆ ಎಂದು ಬ್ಯಾಂಕಿನವರು ಹೇಳಿದರೂ ಪಟ್ಟಿಯಲ್ಲಿ ಬೇರೆ ಬ್ಯಾಂಕ್ ಇದ್ದರೆ ಹಣ ಅಲ್ಲಿಗೇ ಹೋಗುತ್ತದೆ.

ಆಯಿಯ ಪಿಂಚಣಿ ನಿಂತಿರಲಿಲ್ಲ. ತಿಂಗಳು ತಿಂಗಳು ಆ ಕಾಣದ ಖಾತೆಗೆ ಬಿದ್ದಿತ್ತು. ನಾಡಕಚೇರಿಯಲ್ಲಿ ಪಾವತಿಯ ವಿವರ ಕೇಳಿ ಖಚಿತಪಡಿಸಿಕೊಂಡು, ಬೆರಳಚ್ಚು ಪಡೆದು ಹಣ ಕೊಡುವ ಮೈಕ್ರೋ ಎಟಿಎಂ ಯಂತ್ರ ಇಟ್ಟುಕೊಂಡಿರುವ, ಬ್ಯಾಂಕಿನ ಪ್ರತಿನಿಧಿಯಾದ ಬ್ಯಾಂಕ್ ಮಿತ್ರರೊಬ್ಬರ ಹತ್ತಿರ ಹೋದೆವು. ಅವರು ಆ ಪೇಮೆಂಟ್ಸ್ ಬ್ಯಾಂಕಿನ ಹೆಸರು ಆರಿಸಿ, ಆಧಾರ್ ಸಂಖ್ಯೆ ಹೊಡೆದು ಯಂತ್ರವನ್ನು ಮುಂದಿಟ್ಟರು. ಆಯಿ ಯಾರೂ ಹೇಳುವ ಮೊದಲೇ ಎಡಗೈಯ ಉಂಗುರದ ಬೆರಳನ್ನು ಇಟ್ಟರು. ಬಾಕಿ ಮೊತ್ತ ಪರದೆಯ ಮೇಲೆ ಬಂದಾಗ ಮೊಮ್ಮಗಳು ಅದನ್ನು ಓದಿ ಹೇಳಿದಳು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು "ಇಷ್ಟ ದಿನ ಉದ್ರಿ ಮಾಡಿ ತಿಂದೀನಲ್ಲೋ" ಅಂದರು. ಈ ವಿಧಾನದಲ್ಲಿ ಒಮ್ಮೆಗೆ ಹತ್ತು ಸಾವಿರದ ಮೇಲೆ ತೆಗೆಯಲಾಗುವುದಿಲ್ಲ, ಉಳಿದದ್ದನ್ನು ಮುಂದಿನ ವಾರ ಹೋಗಿ ತೆಗೆದರು. ಬಳಿಕ ತಮ್ಮ ಹಳೆಯ ಬ್ಯಾಂಕಿನ ಶಾಖೆಯಲ್ಲಿ ಆಧಾರ್ ಸೀಡಿಂಗ್ ಸಮ್ಮತಿ ಪತ್ರ ಕೊಟ್ಟೆವು. ಅದರಲ್ಲಿ ಹೊಸದಾಗಿ ಜೋಡಿಸುವುದು, ಬೇರೆ ಬ್ಯಾಂಕಿನಿಂದ ಇಲ್ಲಿಗೆ ಬದಲಾಯಿಸುವುದು ಎಂಬ ಆಯ್ಕೆಗಳಿರುತ್ತವೆ. ಎರಡನೆಯದನ್ನು ಗುರುತು ಮಾಡಿ ಹಿಂದಿನ ಬ್ಯಾಂಕಿನ ಹೆಸರು ಬರೆಯಬೇಕು. ಹಾಗೆ ಬರೆದದ್ದರಿಂದ ಬೇಗ ಬದಲಾಯಿತು.

ಇಷ್ಟಾದ ಮೇಲೆ ಮಗನ ರೊಕ್ಕದ ಮಾತು. ಮಗ ನೇರವಾಗಿ ತಾಯಿಯ ಖಾತೆ ಸಂಖ್ಯೆ ಮತ್ತು ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಹಾಕಿ ಅಂದೇ ಕಳಿಸಬಹುದಿತ್ತು, ತಾಯಿ ಫೋನಿನಲ್ಲಿ ಏನನ್ನೂ ಮಾಡಬೇಕಿರಲಿಲ್ಲ. ಎಷ್ಟೋ ಮನೆಗಳಿಗೆ ಅದೇ ಸಾಕು. ಆದರೆ ಬಂದದ್ದನ್ನು ತಾವೇ ನೋಡಿಕೊಳ್ಳಬೇಕು, ಅಂಗಡಿಯಲ್ಲಿ ತಾವೇ ಕೊಡಬೇಕು ಎಂದು ಆಯಿಗೆ ಈಗ ಆಸೆ ಬಂದಿತ್ತು. ಬಟನ್ ಫೋನಿನಲ್ಲೇ ನಡೆಯುವ ಯುಪಿಐ 123ಪೇ 2022ರ ಮಾರ್ಚ್‌ನಿಂದ ಇದೆ. ತನ್ನ ಖಾತೆಯಿಂದಲೇ ತಾಯಿ ಖರ್ಚು ಮಾಡುವಂತೆ ಮಗ ಅನುಮತಿ ಕೊಡಬಹುದಾದ ಯುಪಿಐ ಸರ್ಕಲ್ ಕೂಡ ಇದೆ, ಅದರಲ್ಲಿ ತಿಂಗಳಿಗೆ 15,000 ರೂಪಾಯಿಯವರೆಗೆ ಮಿತಿ ಇಡಬಹುದು. ಮಗ ಎರಡನೆಯದನ್ನು ಸೂಚಿಸಿದ. ನಾನು ಬೇಡವೆಂದೆ. ಅದರಲ್ಲಿ ಖಾತೆ ಮಗನದಾಗಿಯೇ ಉಳಿಯುತ್ತದೆ, ತಾಯಿ ಖರ್ಚು ಮಾಡಿದ್ದೆಲ್ಲ ಮಗನ ಫೋನಿಗೆ ವರದಿಯಾಗುತ್ತದೆ. ಕಡೆಗೆ ಅವನು ತನ್ನ ಹಳೆಯ ಸ್ಮಾರ್ಟ್‌ಫೋನನ್ನು ಊರಿಗೆ ಬರುವ ಗೆಳೆಯನ ಕೈಯಲ್ಲಿ ಕಳಿಸಿಕೊಟ್ಟ.

ಆ ಫೋನಿಗೆ ಸಿಮ್ ಹಾಕಿ ಭೀಮ್ ಆ್ಯಪ್ ಇಳಿಸಿ ಭಾಷೆ ಕನ್ನಡ ಆರಿಸಿದೆವು. ನೋಂದಣಿ ಮೊದಲ ಹೆಜ್ಜೆಯಲ್ಲೇ ನಿಂತಿತು. ಎಷ್ಟು ಸಲ ಒತ್ತಿದರೂ ನಂಬರ್ ಪರಿಶೀಲನೆ ವಿಫಲವೆಂದೇ ತೋರಿಸುತ್ತಿತ್ತು. ಯುಪಿಐ ಆ್ಯಪ್ ಖಾತೆಯನ್ನು ಹುಡುಕುವ ಮೊದಲು ಆ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ನಂಬರ್ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಆಯಿಯ ಸಿಮ್ಮಿನ ರೀಚಾರ್ಜಿನಲ್ಲಿ ಕರೆ ಇತ್ತು, ಡೇಟಾ ಇತ್ತು, ಹೊರಹೋಗುವ ಎಸ್ಸೆಮ್ಮೆಸ್ ಇರಲಿಲ್ಲ. ಇದನ್ನು ಪತ್ತೆ ಹಚ್ಚಿದ್ದು ಮೊಮ್ಮಗಳು, ಮೆಸೇಜಿನ ಪೆಟ್ಟಿಗೆ ತೆರೆದು ಅಲ್ಲಿ ಕಳಿಸಲಾಗದೆ ಕೆಂಪಾಗಿ ಕೂತ ಸಾಲುಗಳನ್ನು ತೋರಿಸಿದಳು. ಎಸ್ಸೆಮ್ಮೆಸ್ ಇರುವ ಪ್ಯಾಕ್ ಹಾಕಿಸಿದ ಕೂಡಲೇ ಆ್ಯಪ್ ಖಾತೆಯನ್ನು ಹುಡುಕಿ ತಂದಿತು. ಹಳ್ಳಿಗಳಲ್ಲಿ ಫೋನ್ ಸರಿಯಿಲ್ಲ, ಬ್ಯಾಂಕ್ ಸರಿಯಿಲ್ಲ ಎಂದು ಕೈಬಿಟ್ಟವರಲ್ಲಿ ಈ ಸಣ್ಣ ಕಾರಣಕ್ಕೆ ಕೈಬಿಟ್ಟವರು ಎಷ್ಟು ಮಂದಿಯೋ!

ಯುಪಿಐ ಪಿನ್ ಇಡಲು ಸಾಮಾನ್ಯವಾಗಿ ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ ಬೇಕು. ಹೆಬ್ಬೆಟ್ಟಿನ ಖಾತೆ ಎಂಬ ಕಾರಣಕ್ಕೆ ಆಯಿಗೆ ಕಾರ್ಡ್ ಕೊಟ್ಟಿರಲಿಲ್ಲ. ಆದರೆ ಆಧಾರ್ ಓಟಿಪಿ ಮೂಲಕವೂ ಪಿನ್ ಇಡುವ ಸೌಲಭ್ಯವಿದೆ. ಆಧಾರ್ ಸಂಖ್ಯೆಯ ಮೊದಲ ಆರು ಅಂಕಿ ಕೊಟ್ಟರೆ ಆಧಾರಿನಿಂದ ಒಂದು, ಬ್ಯಾಂಕಿನಿಂದ ಒಂದು ಓಟಿಪಿ ಬರುತ್ತದೆ. ಆಧಾರಿಗೂ ಖಾತೆಗೂ ಒಂದೇ ನಂಬರ್ ಜೋಡಿಸಲು ಪಟ್ಟ ಶ್ರಮ ಇಲ್ಲಿ ಫಲ ಕೊಟ್ಟಿತು. ಪಿನ್ ಯಾವುದೆಂದು ಆರಿಸುವಾಗ ನಾನು ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ, ಮೊಮ್ಮಗಳನ್ನೂ ಕರೆದುಕೊಂಡು ಬಂದೆ. ಆಯಿ ಒಳಗೆ ಒಬ್ಬರೇ ಬಹಳ ಹೊತ್ತು ಕೂತು ತಮಗೆ ನೆನಪಿರುವ ಅಂಕಿಗಳನ್ನು ತಾವೇ ಒತ್ತಿದರು. ಆ ಅಂಕಿ ಇಂದಿಗೂ ನನಗೆ ಗೊತ್ತಿಲ್ಲ. ಕಲಿಸಿಕೊಡುವವರೆಲ್ಲ ಈ ಒಂದು ನಿಯಮವನ್ನು ಪಾಲಿಸಬೇಕೆಂದು ನನ್ನ ಕಳಕಳಿಯ ವಿನಂತಿ.

ಮಗ ಮೊದಲು ಒಂದು ರೂಪಾಯಿ ಕಳಿಸಿ ತಾಯಿಯ ಹೆಸರು ಸರಿಯಾಗಿ ಬಂತೆಂದು ನೋಡಿಕೊಂಡ, ಆಮೇಲೆ ಐದು ನೂರು ಕಳಿಸಿದ. ಆಯಿ ನನ್ನ ಕ್ಯೂಆರ್ ಮುಂದೆ ಫೋನ್ ಹಿಡಿದು ನಲವತ್ತು ರೂಪಾಯಿಯ ಸಕ್ಕರೆ-ಚಹಾಪುಡಿಗೆ ಹಣ ಕೊಟ್ಟರು. ಸೌಂಡ್‌ಬಾಕ್ಸ್ ಕನ್ನಡದಲ್ಲಿ ಮೊತ್ತ ಕೂಗಿದಾಗ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ದೀಪಾವಳಿಯ ಆಸುಪಾಸಿನಲ್ಲಿ ಒಂದು ಸಲ ರೊಕ್ಕ ಸಿಕ್ಕಿಬಿತ್ತು. ಮಗನ ಖಾತೆಯಿಂದ ಮೂರು ಸಾವಿರ ಕಡಿತವಾಯಿತು, ತಾಯಿಯ ಖಾತೆಗೆ ಬರಲಿಲ್ಲ, ಆ್ಯಪಿನಲ್ಲಿ ಪ್ರಕ್ರಿಯೆಯಲ್ಲಿದೆ ಎಂದಷ್ಟೇ ತೋರಿಸುತ್ತಿತ್ತು. ಆಯಿಯ ಊರುಗೋಲಾಗಿದ್ದ ನಂಬಿಕೆಯೇ ಅಲುಗಾಡಿತು. "ಮೊದಲಿನಂಗ ನಿನ್ನ ಫೋನಿಗೇ ಹಾಕ್ಸಪ್ಪಾ" ಎಂದು ಹಟ ಹಿಡಿದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ತಲುಪದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕ ಕೇಳದೆಯೇ ಖಾತೆಗೆ ಹಾಕಬೇಕು. ಅಂಗಡಿಗೆ ಕೊಟ್ಟ ಹಣವಾದರೆ ಐದು ದಿನಗಳ ಗಡುವಿದೆ. ಮಗನಿಗೆ ಆ ವ್ಯವಹಾರದ ಗುರುತಾದ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಹೇಳಿ, ಆ್ಯಪಿನಲ್ಲೇ ದೂರು ದಾಖಲಿಸಿಸಿದೆ.

ಮರುದಿನ ಹಣ ವಾಪಸಾಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ಮಗನ ಬ್ಯಾಂಕಿನ ಸಹಾಯವಾಣಿಯವರು ಕಾಯಿರಿ ಎಂಬ ಒಂದೇ ಉತ್ತರ ಕೊಟ್ಟರು. ಆಗ ಸುತ್ತೋಲೆಯ ದಿನಾಂಕ, ಯುಟಿಆರ್ ಸಂಖ್ಯೆ, ಕಡಿತವಾದ ದಿನ, ಇಷ್ಟನ್ನು ಬರೆದು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಕಳಿಸಿದೆವು; ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿಗೆ ಹೋಗುವುದಾಗಿಯೂ ತಿಳಿಸಿದೆವು. ಕೆಲವೇ ದಿನಗಳಲ್ಲಿ ಮೂರು ಸಾವಿರ ಮಗನ ಖಾತೆಗೆ ವಾಪಸು ಬಂತು. ಪರಿಹಾರದ ಹಣ ಬರಲಿಲ್ಲ. ಮತ್ತೊಂದು ಇಮೇಲ್ ಬರೆದ ಮೇಲೆ ಅದೂ ಬಂತು. ಕೇಳದೆಯೇ ಕೊಡಬೇಕಾದದ್ದನ್ನು ಎರಡೆರಡು ಸಲ ಬರೆದು ಪಡೆಯಬೇಕಾದ ಸ್ಥಿತಿ ಸರಿಯಲ್ಲ. ಕಟ್ಟಡದ ಮೇಲೆ ಇಟ್ಟಿಗೆ ಹೊರುವವನಿಗೆ ಸುತ್ತೋಲೆಯ ದಿನಾಂಕ ಯಾರು ಹೇಳಿಕೊಡುತ್ತಾರೆ? ಆದರೂ ಆ ಪರಿಹಾರದ ಮೊತ್ತವನ್ನು ಮಗ ತಾಯಿಗೇ ಕಳಿಸಿದ, ಆಯಿಗೆ ಮತ್ತೆ ಧೈರ್ಯ ಬಂತು.

ಮೋಸದ ಕರೆಗಳ ಬಗ್ಗೆ ಆಯಿಗೆ ನಾನು ಹೇಳಿಕೊಟ್ಟದ್ದು ಎರಡೇ ಮಾತು: ರೊಕ್ಕ ಬರುವುದಕ್ಕೆ ಪಿನ್ ಬೇಡ, ರೊಕ್ಕ ಹೋಗುವುದಕ್ಕೆ ಮಾತ್ರ ಬೇಕು; ಓಟಿಪಿಯನ್ನು ಮಗನಿಗೂ ಹೇಳಬಾರದು. ಹಣ ಕೋರಿ ಕಳಿಸುವ ವಿನಂತಿಯನ್ನು ಒತ್ತಿಸಿಕೊಂಡು ಮೋಸ ಮಾಡುವವರಿದ್ದರೆಂದೇ ವ್ಯಕ್ತಿಯಿಂದ ವ್ಯಕ್ತಿಗೆ ಅಂಥ ವಿನಂತಿ ಕಳಿಸುವುದನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಲಾಗಿದೆ. ಮೋಸದಿಂದ ರೊಕ್ಕ ಹೋಯಿತೆಂದು ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಂತಾಗುತ್ತದೆ. ಈ ಸಂಖ್ಯೆಯನ್ನು ಮೊಮ್ಮಗಳು ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ.

ನಗದು ಊರಿಂದ ಹೋಗಿಲ್ಲ, ಹೋಗಬೇಕೆಂದೂ ನಾನು ಬಯಸುವುದಿಲ್ಲ. ಸಂತೆಯ ತರಕಾರಿಗೆ, ಹೊಲದ ಕೂಲಿಗೆ, ದೇವರ ಹುಂಡಿಗೆ ಆಯಿಗೆ ನೋಟು ಬೇಕು. ಅದಕ್ಕೆ ಅವರು ಬ್ಯಾಂಕ್ ಮಿತ್ರರ ಹತ್ತಿರ ಹೋಗುತ್ತಾರೆ, ಕೆಲವೊಮ್ಮೆ ನನಗೇ ಫೋನಿನಲ್ಲಿ ಹಾಕಿ ನೋಟು ಪಡೆಯುತ್ತಾರೆ. ಮೊದಲಿಗೂ ಈಗಿಗೂ ಇರುವ ವ್ಯತ್ಯಾಸ ದೊಡ್ಡದು: ಈಗ ಎಷ್ಟು, ಯಾವಾಗ ಎಂಬುದನ್ನು ತೀರ್ಮಾನಿಸುವವರು ಅವರು. ಅವರನ್ನು ನೋಡಿ ಓಣಿಯ ಬೇರೆಯವರೂ ಪಾಸ್‌ಬುಕ್ ಹಿಡಿದು ಬರತೊಡಗಿದರು. ಕೆಲವರದು ಸಲೀಸಾಗಿ ಆಯಿತು. ಇನ್ನು ಕೆಲವರ ಹೆಸರು ಆಧಾರಿನಲ್ಲಿ ಒಂದು ರೀತಿ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ ಇದ್ದು, ತಿದ್ದುಪಡಿಗೆ ದಾಖಲೆ ಹೊಂದಿಸುವುದರಲ್ಲೇ ವಾರಗಳು ಹೋಗುತ್ತಿವೆ. ಮತದಾರರ ಚೀಟಿಯಲ್ಲಿ ಹೆಸರು ಸರಿಯಿದ್ದವರ ಅರ್ಜಿಗಳನ್ನು ಮೊದಲು ಕೊಟ್ಟಿದ್ದೇವೆ. ಉಳಿದವರನ್ನು ಮುಂದಿನ ಸೋಮವಾರ ತಾಲ್ಲೂಕಿಗೆ ಕರೆದುಕೊಂಡು ಹೋಗಬೇಕಿದೆ, ಅವರ ರೊಕ್ಕ ಅಲ್ಲಿಯವರೆಗೆ ನನ್ನ ನೋಟ್‌ಬುಕ್ಕಿನಲ್ಲೇ ನಡೆಯುತ್ತದೆ.